ಕಿವಿಗೆ ಕೈ ಎಟುಕಿದ ಮೇಲೆ

ಬಲಗೈಯನ್ನು ತಲೆಯ ಮೇಲಿಂದ ಬಳಸಿ ಎಡಗಿವಿಯ ತುದಿ ಮುಟ್ಟಲು ಬಂದರೆ ಮಗು ಶಾಲೆಗೆ ಸೇರಲು ತಯಾರು ಎಂಬುದು ಕನ್ನಡ ನಾಡಿನ ಹಳೆಯ ಪರೀಕ್ಷೆ. ಹುಟ್ಟಿದ ತಾರೀಕನ್ನು ಮನೆಯಲ್ಲಿ ಯಾರೂ ಬರೆದಿಟ್ಟುಕೊಳ್ಳದ ಕಾಲದಲ್ಲಿ ಹೆಡ್‌ಮಾಸ್ತರರು ಹುಡುಗನನ್ನು ಮೇಜಿನ ಮುಂದೆ ನಿಲ್ಲಿಸಿ, ‘ಎಲ್ಲಿ, ಕಿವಿ ಮುಟ್ಟು ನೋಡೋಣ’ ಎನ್ನುತ್ತಿದ್ದರು. ಬೆರಳು ಎಟುಕಿದರೆ ಹೆಸರು ದಾಖಲಾತಿ ಪುಸ್ತಕ ಸೇರುತ್ತಿತ್ತು. ಹುಟ್ಟಿದ ದಿನದ ಜಾಗದಲ್ಲಿ ಜೂನ್ 1 ಎಂದು ಬೀಳುತ್ತಿತ್ತು. ಒಂದು ಇಡೀ ತಲೆಮಾರು ಜೂನ್ ಒಂದರಂದೇ ಹುಟ್ಟಿದಂತೆ ಕಾಣುವುದಕ್ಕೆ ಕಾರಣ ಇದೇ.

ನಗೆ ಬರಿಸುವಂತಿದ್ದರೂ ಈ ಪರೀಕ್ಷೆಗೆ ಬುಡವಿಲ್ಲದೆ ಇಲ್ಲ. ಹುಟ್ಟಿದ ಕೂಸಿನ ತಲೆ ಅದರ ಉದ್ದದ ಕಾಲು ಭಾಗದಷ್ಟಿರುತ್ತದೆ. ಆರು ವರ್ಷದ ಹೊತ್ತಿಗೆ ಆರರಲ್ಲೊಂದು ಪಾಲಿಗೆ ಇಳಿಯುತ್ತದೆ. ಆ ನಡುವೆ ತಲೆಗಿಂತ ಕೈಕಾಲು ವೇಗವಾಗಿ ಬೆಳೆಯುವುದರಿಂದ, ನಾಲ್ಕರಲ್ಲಿ ನೆತ್ತಿಯ ತನಕ ಮಾತ್ರ ಹೋಗುತ್ತಿದ್ದ ಕೈ ಆರರಲ್ಲಿ ಕಿವಿಗೆ ಬಂದು ಮುಟ್ಟುತ್ತದೆ. ಹಾಲುಹಲ್ಲು ಅಲುಗಾಡಲು ತೊಡಗಿ, ಹಿಂದೆ ಮೊದಲ ಶಾಶ್ವತ ದವಡೆಹಲ್ಲು ಮೂಡುವುದೂ ಸುಮಾರು ಇದೇ ಕಾಲಕ್ಕೆ. ಯುರೋಪಿನ ಶಾಲಾ ವೈದ್ಯರಿಗೂ ಈ ಕಿವಿಯ ಲೆಕ್ಕ ಗೊತ್ತಿತ್ತು. ಅಲ್ಲಿ ಅದಕ್ಕೆ ಫಿಲಿಪ್ಪೀನ್ ಪರೀಕ್ಷೆ ಎಂದು ಹೆಸರು. ಆದರೆ ಅದು ಹೇಳುವುದು ಮೈಯ ಬೆಳವಣಿಗೆಯನ್ನು ಮಾತ್ರ. ಕಿವಿ ಮುಟ್ಟಿದ ಮಗು ಅಮ್ಮನನ್ನು ಬಿಟ್ಟು ನಾಲ್ಕು ಗಂಟೆ ಕೂರಬಲ್ಲದೇ, ಬಾಯಾರಿದರೆ ಕೇಳಬಲ್ಲದೇ ಎಂಬುದನ್ನು ಅದು ಹೇಳುವುದಿಲ್ಲ.

ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳ ಕನ್ನಡ, ತುಳು, ಕೊಂಕಣಿ ಮನೆಗಳಲ್ಲಿ ಇಂದು ಕಿವಿಯ ಜಾಗಕ್ಕೆ ಜನನ ಪ್ರಮಾಣಪತ್ರ ಬಂದಿದೆ. ಮಹಾರಾಷ್ಟ್ರ ಸರಕಾರದ 2020ರ ಸೆಪ್ಟೆಂಬರ್ ಆದೇಶದ ಪ್ರಕಾರ ಆಯಾ ವರ್ಷದ ಡಿಸೆಂಬರ್ 31ಕ್ಕೆ ಮೂರು ತುಂಬುವ ಮಗು ನರ್ಸರಿಗೂ ಆರು ತುಂಬುವ ಮಗು ಒಂದನೇ ತರಗತಿಗೂ ಸೇರಬಹುದು. ನರ್ಸರಿ ಮತ್ತು ಒಂದನೆಯ ನಡುವೆ ಜೂನಿಯರ್ ಕೆಜಿ, ಸೀನಿಯರ್ ಕೆಜಿ. ಊರಿನ ಕಡೆಯ ಎಲ್‌ಕೆಜಿ, ಯುಕೆಜಿಗಳೇ ಇಲ್ಲಿ ಈ ಹೆಸರಿನಲ್ಲಿವೆ. ಈ ಗಡಿ ದಿನ ಮೊದಲಿನಿಂದಲೂ ಹೀಗಿರಲಿಲ್ಲ. ಜುಲೈ 31 ಇದ್ದದ್ದು ಸೆಪ್ಟೆಂಬರ್ 30 ಆಗಿ, ಆಮೇಲೆ ಡಿಸೆಂಬರ್ ಕೊನೆಗೆ ಸರಿಯಿತು. ಗಡಿ ಮುಂದೆ ಸರಿದಷ್ಟೂ ಒಳಗೆ ಬರುವ ಮಕ್ಕಳು ಚಿಕ್ಕವರಾಗುತ್ತ ಹೋದರು.

ಕರ್ನಾಟಕದ ಲೆಕ್ಕ ಬೇರೆ. ಅಲ್ಲಿ ಒಂದನೇ ತರಗತಿಗೆ ಜೂನ್ 1ಕ್ಕೆ ಆರು ತುಂಬಿರಬೇಕೆಂದು 2022ರಲ್ಲಿ ಆದೇಶವಾಗಿ, ಜಾರಿಯನ್ನು 2025-26ಕ್ಕೆ ಮುಂದೂಡಲಾಯಿತು. ಆ ವರ್ಷ ಬಂದಾಗ ಪೋಷಕರ ಒತ್ತಾಯಕ್ಕೆ ಮಣಿದು ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ಐದು ವರ್ಷ ಐದು ತಿಂಗಳ ಸಡಿಲಿಕೆ ಕೊಡಲಾಯಿತು. ಕೇಂದ್ರೀಯ ವಿದ್ಯಾಲಯಗಳು ಕೇಳುವುದು ಮಾರ್ಚ್ 31ಕ್ಕೆ ಆರು. ಹೀಗಾಗಿ 2020ರ ನವೆಂಬರಿನಲ್ಲಿ ಹುಟ್ಟಿದ ಮಗುವಿಗೆ ಡೊಂಬಿವಲಿಯ ರಾಜ್ಯ ಮಂಡಳಿಯ ಶಾಲೆಯಲ್ಲಿ 2026ರ ಜೂನ್‌ನಲ್ಲೇ ಒಂದನೇ ತರಗತಿಯ ಬಾಗಿಲು ತೆರೆದಿರುತ್ತದೆ. ಪಕ್ಕದ ಕೇಂದ್ರೀಯ ವಿದ್ಯಾಲಯದಲ್ಲಿ ಅದೇ ಮಗು 2027ರ ತನಕ ಕಾಯಬೇಕು. ಹೋಟೆಲು ಮಾರಿಯೋ ಬ್ಯಾಂಕಿನ ವರ್ಗಾವಣೆಯಿಂದಲೋ ಊರಿಗೆ ಮರಳುವ ಕುಟುಂಬಗಳು ಈ ವ್ಯತ್ಯಾಸಕ್ಕೆ ಎಡವುವುದುಂಟು. ಒಂದೇ ಮಗು, ಒಂದೇ ಹುಟ್ಟುಹಬ್ಬ. ಒಂದು ಕಡೆ ತಯಾರು, ಇನ್ನೊಂದು ಕಡೆ ಎಳಸು. ತಾರೀಕು ಆಡಳಿತದ ಅನುಕೂಲಕ್ಕೆ ಎಳೆದ ಗೆರೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಗೆರೆ ಎಲ್ಲಿ ಎಳೆದರೂ ತರಗತಿಯೊಳಗೆ ಒಂದು ವರ್ಷದ ಅಂತರ ಇದ್ದೇ ಇರುತ್ತದೆ. ಜನವರಿಯಲ್ಲಿ ಹುಟ್ಟಿದ ಮಗು ಜೂನ್ ಮಧ್ಯದಲ್ಲಿ ಒಂದನೇ ತರಗತಿಗೆ ಬರುವಾಗ ಅದಕ್ಕೆ ಆರು ವರ್ಷ ಐದು ತಿಂಗಳು. ಅದೇ ಬೆಂಚಿನ ಡಿಸೆಂಬರಿನ ಮಗುವಿಗೆ ಐದೂವರೆ. ನಲವತ್ತರವರಿಗೆ ಹನ್ನೊಂದು ತಿಂಗಳು ಲೆಕ್ಕಕ್ಕಿಲ್ಲ, ಐದೂವರೆಯ ಮಗುವಿಗೆ ಅದು ಬದುಕಿದ ಆಯುಷ್ಯದ ಆರರಲ್ಲೊಂದು ಪಾಲು. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿಯೂ ಶಾಲೆಯ ಗಡಿ ದಿನ ಡಿಸೆಂಬರ್ 31. ಅಲ್ಲಿನ ಒಂಬತ್ತು ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆ ನೋಡಿ 2012ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಜನವರಿಯ ಹುಡುಗರಿಗಿಂತ ಡಿಸೆಂಬರಿನ ಹುಡುಗರಿಗೆ ‘ಗಮನ ಕೊರತೆ, ಅತಿಚಟುವಟಿಕೆ’ಯ ಹಣೆಪಟ್ಟಿ ಶೇ. 30ರಷ್ಟು ಹೆಚ್ಚಾಗಿ ಬಿದ್ದಿತ್ತು, ಹುಡುಗಿಯರಲ್ಲಿ ಶೇ. 70ರಷ್ಟು. ಕಾಯಿಲೆ ಹುಟ್ಟಿದ ತಿಂಗಳು ನೋಡಿ ಬರುವುದಿಲ್ಲ. ಕುಳಿತಲ್ಲಿ ಕೂರಲಾಗದ ಎಳೆತನವನ್ನೇ ಕಾಯಿಲೆಯೆಂದು ಓದಿದ ಸಂದರ್ಭಗಳು ಅದರಲ್ಲಿ ಸಾಕಷ್ಟಿದ್ದವು ಎಂದಷ್ಟೇ ಅದರ ಅರ್ಥ.

ತಾರೀಕಿನ ನಂತರದ ತೊಡರು ಸಂದರ್ಶನ. ದಸರೆಗೆ ಅಕ್ಕಿಯ ತಟ್ಟೆಯಲ್ಲಿ ಮಗುವಿನ ಬೆರಳು ಹಿಡಿದು ಓಂಕಾರ ಬರೆಸಿದ ಕೈಯಲ್ಲೇ ಎಷ್ಟೋ ಮನೆಗಳು ಮರುವಾರ ಪ್ರವೇಶದ ಅರ್ಜಿ ತುಂಬುತ್ತವೆ. ಬಣ್ಣದ ಹೆಸರು, ಹಣ್ಣಿನ ಹೆಸರು, ಇಂಗ್ಲಿಷಿನಲ್ಲಿ ಒಂದರಿಂದ ಇಪ್ಪತ್ತು, ಎರಡು ಶಿಶುಗೀತೆ: ಇಷ್ಟನ್ನು ಗಿಣಿಪಾಠ ಮಾಡಿಸಿದರೆ ಮಗು ತಯಾರು ಎಂಬ ನಂಬಿಕೆ ಈ ಉಪನಗರಗಳಲ್ಲಿ ಬೇರುಬಿಟ್ಟಿದೆ. ಕಾನೂನು ಹೇಳುವುದು ಬೇರೆಯೇ. ಶಿಶುವರ್ಗಕ್ಕೆ ಮಗುವನ್ನಾಗಲಿ ತಂದೆತಾಯಿಯನ್ನಾಗಲಿ ಸಂದರ್ಶನ ಮಾಡಿ ಆರಿಸಬಾರದೆಂದು ಮಹಾರಾಷ್ಟ್ರ 1996ರಲ್ಲೇ ಕಾಯಿದೆ ತಂದಿತ್ತು. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯಿದೆಯ 13ನೇ ಕಲಮು, ಪ್ರವೇಶಕ್ಕೆ ಮಗುವನ್ನು ಸೋಸಿ ತೆಗೆದರೆ ಮೊದಲ ಸಲಕ್ಕೆ 25 ಸಾವಿರ, ಆಮೇಲಿನ ಪ್ರತಿ ಸಲಕ್ಕೆ 50 ಸಾವಿರ ರೂಪಾಯಿ ದಂಡ ಹೇಳುತ್ತದೆ. ‘ಸುಮ್ಮನೆ ಮಾತನಾಡಿಸುತ್ತೇವೆ’ ಎಂಬ ಹೆಸರಿನಲ್ಲಿ ಈ ಸೋಸುವಿಕೆ ಇನ್ನೂ ನಡೆಯುವುದುಂಟು. ಮೂರು ವರ್ಷದ ಮಗು ಅಪರಿಚಿತರ ಕೋಣೆಯಲ್ಲಿ ಬಾಯಿ ಬಿಡದೆ ಕೂತರೆ ಅದು ಅದರ ವಿವೇಕ; ದಡ್ಡತನ ಅಲ್ಲ.

ಹಾಗಾದರೆ ನಿಜವಾಗಿ ನೋಡಬೇಕಾದದ್ದು ಏನು? ಈ ಪ್ರಶ್ನೆಯ ಬಗ್ಗೆ ಭಾರತದಲ್ಲಿ ನಡೆದ ಅತ್ಯಂತ ಗಂಭೀರ ಕೆಲಸಗಳಲ್ಲಿ ಒಂದು ನಡೆದದ್ದು ಹಳೆಯ ಥಾಣೆ ಜಿಲ್ಲೆಯಲ್ಲೇ. ಮುಂಬಯಿಯಲ್ಲಿ ಹುಟ್ಟಿದ ತಾರಾಬಾಯಿ ಮೋಡಕ್ ಭಾವನಗರದಲ್ಲಿ ಶಿಕ್ಷಣತಜ್ಞ ಗಿಜುಭಾಯಿ ಬಧೇಕಾ ಜೊತೆ ದುಡಿದು, 1936ರಲ್ಲಿ ದಾದರಿನಲ್ಲಿ ಶಿಶುವಿಹಾರ ತೆರೆದರು. ಮಾಂಟೆಸರಿ ಪದ್ಧತಿ ಪೇಟೆಯ ಅನುಕೂಲಸ್ಥರ ಮಕ್ಕಳಿಗಷ್ಟೇ ಅಂಟಿಕೊಂಡಿದೆ ಎನ್ನಿಸಿ 1945ರಲ್ಲಿ ಕಡಲತೀರದ ಬೋರ್ಡಿಗೆ ಹೋದರು. ಅಲ್ಲಿ ಅನುತಾಯಿ ವಾಘ್ ತಾರಾಬಾಯಿಗೆ ಜೊತೆಯಾದರು. 1957ರಲ್ಲಿ ಇಬ್ಬರ ಕೆಲಸ ವಾರಲಿ ಆದಿವಾಸಿಗಳ ಕೋಸಬಾಡ ಗುಡ್ಡಕ್ಕೆ ಸರಿಯಿತು. 2014ರ ಆಗಸ್ಟ್ 1ರಂದು ಜಿಲ್ಲೆ ಒಡೆದ ಮೇಲೆ ಆ ಊರುಗಳು ಪಾಲಘರ್ ಜಿಲ್ಲೆಗೆ ಸೇರಿವೆ.

ಬೋರ್ಡಿಯಲ್ಲಿ ಬಾಲವಾಡಿ ತೆರೆದರೂ ಮಕ್ಕಳು ಬರಲಿಲ್ಲ. ಬರದ ಮಕ್ಕಳನ್ನು ಶಾಲೆಗೆ ತಯಾರಿಲ್ಲ ಎಂದು ಬಿಡುವ ಬದಲು ತಾರಾಬಾಯಿ ಶಾಲೆಯನ್ನೇ ಅವರ ಅಂಗಳಕ್ಕೆ ಒಯ್ದರು. ಮೈ ತೊಳೆಯುವುದು, ತಲೆ ಬಾಚುವುದು, ಹಾಡು, ಕತೆ. ಕಲಿಕೆಯ ಸಾಮಾನು ಎಂದರೆ ಕಪ್ಪೆಚಿಪ್ಪು, ಬೀಜ, ಎಲೆ, ಕಡ್ಡಿ. ಅಂಗಳದ ಈ ಶಾಲೆಗೆ ‘ಅಂಗಣವಾಡಿ’ ಎಂದು ಹೆಸರಾಯಿತು. ದನ ಕಾಯುವ ಮಕ್ಕಳಿಗಾಗಿ ಹುಲ್ಲುಗಾವಲಿಗೇ ಹೋದ ಶಾಲೆ ‘ಕುರಣಶಾಲೆ’. 1975ರ ಅಕ್ಟೋಬರ್ 2ರಂದು ಕೇಂದ್ರ ಸರಕಾರ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರು ಮಾಡಿದಾಗ ಅದರ ಕೇಂದ್ರಗಳಿಗೆ ಸಿಕ್ಕಿದ್ದೂ ಇದೇ ಹೆಸರು. ಕರ್ನಾಟಕದ ಹಳ್ಳಿಹಳ್ಳಿಯಲ್ಲಿ ‘ಅಂಗನವಾಡಿ ಟೀಚರು’ ಎನ್ನುವಾಗ ಬಾಯಲ್ಲಿ ಬರುವುದು ಥಾಣೆ ಕಡಲತೀರದ ಮಾತು ಎಂಬುದು ಹೆಚ್ಚಿನವರ ಗಮನಕ್ಕೆ ಬಂದಿರಲಾರದು. ಮಗು ಶಾಲೆಗೆ ತಯಾರಾಗಿದೆಯೇ ಎನ್ನುವಷ್ಟೇ ಗಟ್ಟಿಯಾಗಿ ಶಾಲೆ ಮಗುವಿಗೆ ತಯಾರಾಗಿದೆಯೇ ಎಂದು ಕೇಳಬೇಕೆಂಬುದನ್ನು ಕೋಸಬಾಡ ಮಾಡಿ ತೋರಿಸಿತ್ತು.

ಆ ಪರಂಪರೆಯ ಒಂದು ಎಳೆ ಇಂದಿನ ಜಿಲ್ಲಾ ಪರಿಷತ್ತು ಮತ್ತು ನಗರಪಾಲಿಕೆ ಶಾಲೆಗಳಲ್ಲಿ ಕಾಣುತ್ತದೆ. 2022ರಿಂದ ಮಹಾರಾಷ್ಟ್ರದಲ್ಲಿ ಪ್ರಥಮ್ ಸಂಸ್ಥೆಯ ಸಹಯೋಗದಲ್ಲಿ ‘ಪಹಿಲೇ ಪಾವೂಲ್’, ಅಂದರೆ ಮೊದಲ ಹೆಜ್ಜೆ, ಎಂಬ ಶಾಲಾಪೂರ್ವ ತಯಾರಿಯ ಮೇಳ ನಡೆಯುತ್ತಿದೆ. ಏಪ್ರಿಲಿನಲ್ಲಿ ಒಂದು, ಜೂನ್‌ನಲ್ಲಿ ಇನ್ನೊಂದು. ಶಾಲೆಯ ಅಂಗಳದಲ್ಲಿ ಏಳು ಮೇಜು ಹಾಕಿರುತ್ತಾರೆ. ಮೊದಲನೆಯದರಲ್ಲಿ ಹೆಸರು ನೋಂದಣಿ, ಕೊನೆಯದರಲ್ಲಿ ಪೋಷಕರಿಗೆ ಸಲಹೆ. ನಡುವಿನ ಐದರಲ್ಲಿ ಮೈ, ಬುದ್ಧಿ, ಒಡನಾಟ, ಭಾಷೆ, ಲೆಕ್ಕ. ಮಗು ಮೇಜಿನಿಂದ ಮೇಜಿಗೆ ಆಡುತ್ತ ಹೋಗುತ್ತದೆ, ಕೈಯಲ್ಲೊಂದು ಪ್ರಗತಿ ಚೀಟಿ. ಯಾರನ್ನೂ ಹಿಂದಕ್ಕೆ ಕಳಿಸುವುದಿಲ್ಲ. ಏಪ್ರಿಲಿನಲ್ಲಿ ಬಾರದ್ದನ್ನು ಬೇಸಿಗೆ ರಜೆಯಲ್ಲಿ ಓಣಿಯ ತಾಯಂದಿರ ಗುಂಪು ಆಡಿಸಿ ಕಲಿಸುತ್ತದೆ. ಜೂನ್‌ನಲ್ಲಿ ಮತ್ತೆ ನೋಡುತ್ತಾರೆ. ದುಬಾರಿ ಶುಲ್ಕದ ಶಾಲೆಗಳು ಇದನ್ನು ನೋಡಿ ಕಲಿಯಬಹುದು.

ಈ ಐದು ಮೇಜುಗಳನ್ನು ಮನೆಯಲ್ಲೇ ಹಾಕಬಹುದು. ಮೈಯದು ಸುಲಭ. ಒಂಟಿ ಕಾಲಲ್ಲಿ ಐದು ಎಣಿಸುವಷ್ಟು ಹೊತ್ತು ನಿಲ್ಲುವುದು, ಕುಂಟುತ್ತ ನಾಲ್ಕು ಹೆಜ್ಜೆ ಹಾಕುವುದು, ಎಸೆದ ಚೆಂಡು ಹಿಡಿಯುವುದು ಐದರ ಆಸುಪಾಸಿನಲ್ಲಿ ಬರುತ್ತವೆ. ಕುಂಟಾಬಿಲ್ಲೆ ಆಡುವ ಮಗುವಿಗೆ ಬೇರೆ ಪರೀಕ್ಷೆ ಬೇಡ. ಕೈಬೆರಳಿನ ವಿಷಯ ಇದಕ್ಕಿಂತ ಸೂಕ್ಷ್ಮ. ಹುಟ್ಟುವಾಗ ಮಣಿಕಟ್ಟಿನ ಎಂಟೂ ಮೂಳೆಗಳು ಮೆತ್ತನೆಯ ಮೃದ್ವಸ್ಥಿ. ಒಂದೊಂದೇ ಗಟ್ಟಿಯಾಗುತ್ತ ಬಂದು ಕೊನೆಯದು ಗಟ್ಟಿಯಾಗುವಷ್ಟರಲ್ಲಿ ಒಂಬತ್ತು ಹತ್ತು ವರ್ಷ ದಾಟಿರುತ್ತದೆ. ಮೂರರ ಮಗುವಿನ ಕೈಗೆ ಪೆನ್ಸಿಲ್ ಕೊಟ್ಟು ಪುಟಗಟ್ಟಲೆ ತಿದ್ದಿಸುವುದು ಆ ಕೈಗೆ ಹಿಂಸೆ. ಅದರ ಬದಲು ಹಸಿ ಬಟಾಣಿ ಬಿಡಿಸಲು, ಚಪಾತಿ ಹಿಟ್ಟಿನ ಉಂಡೆ ಕಟ್ಟಲು, ರಂಗೋಲಿಗೆ ಚುಕ್ಕಿ ಇಡಲು ಕೂರಿಸಿದರೆ ಬೆರಳಿಗೆ ಹಿಡಿತ ತಾನಾಗಿ ಬರುತ್ತದೆ.

ಆಕಾರ ನೋಡಿ ಬರೆಯುವುದರಲ್ಲಿ ಒಂದು ಕ್ರಮವಿದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಆರ್ನಾಲ್ಡ್ ಗೆಸೆಲ್ ನೂರು ವರ್ಷದ ಹಿಂದೆ ಗುರುತಿಸತೊಡಗಿದ ಈ ಕ್ರಮ ಇಂದಿಗೂ ಮಕ್ಕಳ ವೈದ್ಯರ ಕೈಪಿಡಿಗಳಲ್ಲಿದೆ. ಮೂರಕ್ಕೆ ವೃತ್ತ, ನಾಲ್ಕಕ್ಕೆ ಕೂಡುವ ಚಿಹ್ನೆ, ಐದರ ಹೊತ್ತಿಗೆ ಚೌಕ, ಆರರೊಳಗೆ ತ್ರಿಕೋನ. ವಜ್ರಾಕೃತಿ ಆರು ದಾಟಿದ ಮೇಲೆಯೇ. ಚೌಕದ ಮೂಲೆ ಬರಬೇಕಾದರೆ ಮಗು ಗೆರೆಯನ್ನು ನಿಲ್ಲಿಸಬೇಕು, ದಿಕ್ಕು ಬದಲಿಸಬೇಕು, ಹೊರಟ ಜಾಗಕ್ಕೆ ಮರಳಬೇಕು. ನಾಲ್ಕು ವರ್ಷದ ಮಗುವಿಗೆ ಚೌಕ ತೋರಿಸಿದರೆ ಅದು ಮೂಲೆಯಿಲ್ಲದ ಇಡ್ಲಿಯಂಥದ್ದೊಂದನ್ನು ಬರೆದು, ನಾಲ್ಕು ಕಡೆ ಕೋಡು ಎಳೆದು, ಇದೇ ಚೌಕ ಎಂದು ತೋರಿಸುತ್ತದೆ. ಮೂಲೆ ಇದೆಯೆಂದು ಅದರ ಕಣ್ಣಿಗೆ ಗೊತ್ತು. ಕೈಗೆ ಇನ್ನೂ ಗೊತ್ತಿಲ್ಲ. ತಿರುವು ತುಂಬಿದ ಕನ್ನಡ ಅಕ್ಷರಗಳನ್ನಾಗಲಿ, ದಂಡವೆಳೆದು ತಲೆಗೆರೆ ಕಟ್ಟುವ ಮರಾಠಿ ಅಕ್ಷರಗಳನ್ನಾಗಲಿ ಬರೆಯಲು ಈ ಚೌಕ, ತ್ರಿಕೋನಗಳೇ ಮೆಟ್ಟಿಲು.

ಲೆಕ್ಕದಲ್ಲಿ ಮೋಸಹೋಗುವವರೇ ಹೆಚ್ಚು. ನೂರರ ತನಕ ಒಪ್ಪಿಸುವ ಮಗುವಿನ ಮುಂದೆ ಏಳು ಗೋಡಂಬಿ ಇಟ್ಟು ಎಷ್ಟಿವೆ ಎಂದರೆ, ಬೆರಳು ಒಂದು ಕಡೆ ಬಾಯಿ ಇನ್ನೊಂದು ಕಡೆ ಓಡಿ ಹತ್ತಕ್ಕೆ ನಿಲ್ಲಬಹುದು. ಒಂದು ವಸ್ತುವಿಗೆ ಒಂದೇ ಸಂಖ್ಯೆ, ಕೊನೆಗೆ ಹೇಳಿದ ಸಂಖ್ಯೆಯೇ ಒಟ್ಟು ಎಂಬ ಎರಡು ತಿಳಿವಳಿಕೆ ಬಂದಿದ್ದರೆ ಐದರ ತನಕ ಎಣಿಸಿದರೂ ಸಾಕು. ತುಳುನಾಡಿನಿಂದ ಬಂದ ಮನೆಗಳ ಅಟ್ಟದಲ್ಲಿ ಧೂಳು ತಿನ್ನುತ್ತಿರಬಹುದಾದ ಚೆನ್ನೆಮಣೆ ಇದಕ್ಕೆ ಹೇಳಿ ಮಾಡಿಸಿದ ಸಾಧನ. ಎರಡು ಸಾಲಿನಲ್ಲಿ ಏಳೇಳು ಗುಳಿ, ಗುಳಿಗೆ ನಾಲ್ಕು ಕಾಯಿ, ಒಟ್ಟು 56. ಒಂದು ಗುಳಿಯ ಕಾಯಿ ತೆಗೆದು ಮುಂದಿನ ಗುಳಿಗಳಿಗೆ ಒಂದೊಂದೇ ಹಾಕುತ್ತ ಹೋಗುವ ಆಟದಲ್ಲಿ ಎಣಿಕೆ ಬೆರಳಿನ ತುದಿಗೆ ಇಳಿಯುತ್ತದೆ. ಸರದಿ ಕಾಯುವುದನ್ನೂ ಸೋಲನ್ನೂ ಆಟ ಜೊತೆಗೇ ಕಲಿಸುತ್ತದೆ. ಅಂಬೆಗಾಲಿಡುವ ತಮ್ಮನೋ ತಂಗಿಯೋ ಮನೆಯಲ್ಲಿದ್ದರೆ ಕಾಯಿ ಬಾಯಿಗೆ ಹೋಗದಂತೆ ನೋಡಿಕೊಳ್ಳಬೇಕು, ಅಷ್ಟೆ.

ಭಾಷೆಯ ಮೇಜಿನಲ್ಲಿ ಅಕ್ಷರ ಗುರುತಿಸುವುದು ಮುಖ್ಯವಲ್ಲ. ಎರಡು ಮಾತಿನ ಅಪ್ಪಣೆಯನ್ನು ನೆನಪಿಟ್ಟು ಮಾಡುವುದು (‘ಚಪ್ಪಲಿ ಒಳಗಿಟ್ಟು ಅಜ್ಜನ ಕನ್ನಡಕ ತಾ’), ಕೇಳಿದ ಕತೆಯನ್ನು ಹಿಂದುಮುಂದಾದರೂ ಹೇಳುವುದು, ‘ಕಮಲ’ದ ಮೊದಲ ಸದ್ದು ಯಾವುದೆಂದು ಹಿಡಿಯುವುದು: ಇವು ಮುಂದೆ ಓದು ಹತ್ತುವುದರ ಗುರುತುಗಳು. ಸದ್ದು ಬಿಡಿಸಲು ಬರದ ಮಗುವಿಗೆ ಅಕ್ಷರ ಬರೀ ಚಿತ್ರ.

ಒಡನಾಟ ಮತ್ತು ಮನಸ್ಸಿನ ಹಿಡಿತ ಅಳೆಯಲು ಕೆರೆ-ದಡ ಆಟಕ್ಕಿಂತ ಒಳ್ಳೆಯ ಅಳತೆಗೋಲು ಸಿಗಲಿಕ್ಕಿಲ್ಲ. ‘ದಡ’ ಎಂದಾಗ ಜಿಗಿಯಬೇಕು, ದಡದಲ್ಲೇ ಇದ್ದು ಮತ್ತೆ ‘ದಡ’ ಎಂದರೆ ಜಿಗಿಯದೆ ನಿಲ್ಲಬೇಕು. ಕಾಲು ಹೊರಟಿರುತ್ತದೆ, ಕಿವಿ ತಡೆಯಬೇಕು. ನಾಲ್ಕರ ಮಗು ಪ್ರತಿ ಸಲವೂ ಜಿಗಿದು ನಗುತ್ತದೆ. ಆರರದ್ದು ಎರಡು ಸಲ ತಪ್ಪಿ, ಮೂರನೆಯ ಸಲ ತುಟಿ ಕಚ್ಚಿ ನಿಲ್ಲುತ್ತದೆ. ತರಗತಿಯಲ್ಲಿ ಮೂವತ್ತು ಮಕ್ಕಳ ನಡುವೆ ಉತ್ತರ ಗೊತ್ತಿದ್ದೂ ಕೈಯೆತ್ತಿ ಕಾಯಲು ಬೇಕಾದದ್ದು ಆ ತುಟಿ ಕಚ್ಚುವ ಶಕ್ತಿಯೇ.

ಮೇಜಿನ ಮೇಲೆ ಕಾಣದ ಸಂಗತಿಗಳೂ ಇವೆ. ಮೊದಲನೆಯದು ತಿಂಡಿ ಡಬ್ಬಿ. ಮುಚ್ಚಳದ ಎರಡು ಕಡೆಯ ಕ್ಲಿಪ್ಪನ್ನು ಎತ್ತುವುದು, ನೀರು ಚಿಮ್ಮದಂತೆ ಬಾಟಲಿಯ ಮುಚ್ಚಳ ತಿರುಗಿಸುವುದು, ಮೈಮೇಲೆ ಚೆಲ್ಲಿಕೊಳ್ಳದೆ ತಿನ್ನುವುದು, ಉಳಿದದ್ದನ್ನು ಮುಚ್ಚಿ ಚೀಲಕ್ಕೆ ಹಾಕುವುದು. ಬಿಡುವು ಇರುವುದೇ ಹದಿನೈದು ಇಪ್ಪತ್ತು ನಿಮಿಷ. ಟೀಚರಿಗೆ ಮೂವತ್ತು ಡಬ್ಬಿ ಬಿಡಿಸಿಕೊಡಲು ಆಗುವುದಿಲ್ಲ. ಅಜ್ಜಿ ತುತ್ತು ಮಾಡಿ ಬಾಯಿಗಿಡುವ ಮನೆಯ ಮಗು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತು, ಸಂಜೆ ನೀರುದೋಸೆಯನ್ನು ಹಾಗೇ ಮನೆಗೆ ತರುತ್ತದೆ. ಇದಕ್ಕೆ ಬೇಕಾದದ್ದು ಶಾಲೆ ಶುರುವಾಗುವ ಒಂದು ತಿಂಗಳ ಮುಂಚಿನಿಂದ ಮನೆಯಲ್ಲೂ ಡಬ್ಬಿಯಲ್ಲೇ ತಿನ್ನಿಸುವ ಅಭ್ಯಾಸ. ಎರಡನೆಯದು ಬಚ್ಚಲು. ಬಂದಿದೆ ಎಂದು ಹೊತ್ತಿಗೆ ಸರಿಯಾಗಿ ಹೇಳುವುದು, ಗುಂಡಿಯೋ ಎಲಾಸ್ಟಿಕ್ಕೋ ತಾನೇ ಬಿಡಿಸಿಕೊಳ್ಳುವುದು, ತೊಳೆದುಕೊಳ್ಳಲು ಕಲಿಯುವುದು. ಅದನ್ನು ಟೀಚರಿಗೆ ಯಾವ ಭಾಷೆಯಲ್ಲಿ ಹೇಳಬೇಕು ಎಂಬುದು ಈ ಊರುಗಳಲ್ಲಿ ಸಣ್ಣ ಪ್ರಶ್ನೆಯಲ್ಲ. ಮನೆಯಲ್ಲಿ ‘ಸೂಸು’ ಎನ್ನುವ ಮಾತು ಶಾಲೆಯಲ್ಲಿ ಇನ್ನೇನೋ ಆಗಿದ್ದರೆ, ಆ ಒಂದು ಮಾತನ್ನು ಮೊದಲೇ ಕಲಿಸಿಡುವುದು ಇಂಗ್ಲಿಷ್ ಶಿಶುಗೀತೆ ಕಲಿಸುವುದಕ್ಕಿಂತ ಹೆಚ್ಚು ಉಪಕಾರಿ.

ಮೂರನೆಯದು ಅಗಲಿಕೆ. ಕಲ್ಯಾಣದಿಂದ ಬೆಳಗಿನ ಫಾಸ್ಟ್ ಲೋಕಲ್ ಹಿಡಿಯುವ ತಾಯಿ ಮಗು ಏಳುವ ಮೊದಲೇ ಮನೆ ಬಿಡುತ್ತಾಳೆ. ತಂದೆ ಮರಳುವಾಗ ಮಗು ಮಲಗಿರುತ್ತದೆ. ಇಂಥ ಮನೆಯ ಮಗು ಪಾಳಣಾಘರದಲ್ಲಿ, ಅಂದರೆ ಶಿಶುಪಾಲನಾ ಕೇಂದ್ರದಲ್ಲಿ, ಬೆಳೆದಿದ್ದರೆ ಪರರ ಜೊತೆ ಹೊಂದಿಕೊಳ್ಳುವುದು ಅದಕ್ಕೆ ಆಗಲೇ ಗೊತ್ತು. ಊರಿನಿಂದ ಬಂದ ಅಜ್ಜಿಯ ಸೆರಗು ಹಿಡಿದೇ ಬೆಳೆದ ಮಗುವಿಗೆ ಭಾಷೆ, ಕತೆ ಎಲ್ಲವೂ ಇರಬಹುದು, ಅಗಲಿ ಅಭ್ಯಾಸ ಇರುವುದಿಲ್ಲ. ಸೊಸೈಟಿಯ ಪಕ್ಕದ ವಿಂಗಿನ ಗೆಳೆಯನ ಮನೆಯಲ್ಲಿ ಒಂದು ಗಂಟೆ, ಮುಂದಿನ ವಾರ ಎರಡು ಗಂಟೆ ಬಿಟ್ಟುಬಂದರೆ ಈ ಕೊರತೆ ಎರಡು ತಿಂಗಳಲ್ಲಿ ನೀಗುವಂಥದ್ದು. ಹೇಳದೆ ಕೇಳದೆ ಕಣ್ಣು ತಪ್ಪಿಸಿ ಹೊರಡುವುದು ಮಾತ್ರ ಕೂಡದು. ಹೇಳಿ ಹೋದವರು ಬಂದೇ ಬರುತ್ತಾರೆ ಎಂಬ ನಂಬಿಕೆ ಶಾಲೆಯ ಗೇಟಿನಲ್ಲಿ ಬೇಕಾಗುವ ದೊಡ್ಡ ಬಂಡವಾಳ.

ನಿದ್ದೆಯನ್ನು ಯಾರೂ ತಯಾರಿಯ ಪಟ್ಟಿಗೆ ಸೇರಿಸುವುದಿಲ್ಲ. ಮೂರರಿಂದ ಐದು ವರ್ಷದ ಮಗುವಿಗೆ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು. ಅಪ್ಪ ಬರಲೆಂದು ರಾತ್ರಿ ಹನ್ನೊಂದರ ತನಕ ಕಾದ ಮಗು ಬೆಳಗ್ಗೆ ಏಳಕ್ಕೆ ರಿಕ್ಷಾ ಕಾಕಾನ ಗಾಡಿಯಲ್ಲಿ ತೂಕಡಿಸುತ್ತದೆ. ಆಮೇಲೆ ತರಗತಿಯಲ್ಲಿ ಅದರ ಕಿರಿಕಿರಿಗೆ ಬೇರೆ ಬೇರೆ ಹೆಸರು ಬೀಳುತ್ತದೆ. ಮಹಾರಾಷ್ಟ್ರ ಸರಕಾರ 2024ರ ಫೆಬ್ರವರಿಯಲ್ಲಿ ಶಿಶುವರ್ಗದಿಂದ ನಾಲ್ಕನೆಯ ತನಕದ ತರಗತಿಗಳು ಬೆಳಗ್ಗೆ ಒಂಬತ್ತಕ್ಕಿಂತ ಮುಂಚೆ ಶುರುವಾಗಬಾರದೆಂದು ಆದೇಶಿಸಿದ್ದು ಇದೇ ಕಾರಣಕ್ಕೆ.

ಇನ್ನು ಈ ಭಾಗದ ಕನ್ನಡಿಗರದೇ ಆದ ಪ್ರಶ್ನೆ. ಮನೆಯಲ್ಲಿ ತುಳು ಅಥವಾ ಕನ್ನಡ, ಮೆಟ್ಟಿಲಲ್ಲಿ ಮರಾಠಿ, ಆಟದಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್. ಡೊಂಬಿವಲಿ ಕರ್ನಾಟಕ ಸಂಘದ ಮಂಜುನಾಥ ವಿದ್ಯಾಲಯದಂಥ ಕನ್ನಡಿಗರೇ ಕಟ್ಟಿದ ಶಾಲೆಗಳಿದ್ದರೂ ಹೆಚ್ಚಿನ ಮಕ್ಕಳು ಹೋಗುವುದು ಮನೆಯ ಹತ್ತಿರದ ಇಂಗ್ಲಿಷ್ ಮಾಧ್ಯಮಕ್ಕೆ. 2020ರ ಕಾಯಿದೆಯಿಂದ ರಾಜ್ಯದ ಎಲ್ಲ ಮಂಡಳಿಗಳ ಶಾಲೆಗಳಲ್ಲೂ ಒಂದರಿಂದ ಹತ್ತರ ತನಕ ಮರಾಠಿ ಕಡ್ಡಾಯ. ‘ಅಜ್ಜಿ, ಪಾಣಿ ಬೇಕು, ಲವ್‌ಕರ್’ ಎನ್ನುವ ಮೂರೂವರೆ ವರ್ಷದ ಮಗುವನ್ನು ಕಂಡು ಭಾಷೆ ಕಲಸುಮೇಲೋಗರವಾಯಿತೆಂದು ಹೆದರುವವರಿದ್ದಾರೆ. ಮನೆಯ ಭಾಷೆ ಬಿಟ್ಟು ಇಂಗ್ಲಿಷಿನಲ್ಲೇ ಮಾತಾಡಿಸಿ ಎಂಬ ಸಲಹೆಯೂ ಸಿಗುತ್ತದೆ. ಇದು ತಪ್ಪು ಸಲಹೆ. ಹಲವು ಭಾಷೆ ಕೇಳುವುದರಿಂದ ಮಾತು ತಡವಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ಒಂದೊಂದು ಭಾಷೆಯಲ್ಲಿ ಶಬ್ದ ಕಡಿಮೆ ಕಂಡರೂ ಎಲ್ಲವನ್ನೂ ಕೂಡಿ ನೋಡಿದರೆ ಒಂದೇ ಭಾಷೆಯ ಮಗುವಿಗೆ ಇದು ಸರಿಸಮ. ನೋಡಬೇಕಾದದ್ದು ಯಾವುದಾದರೂ ಒಂದು ಭಾಷೆಯಲ್ಲಿ ಅದು ಗಟ್ಟಿಯಾಗಿದೆಯೇ ಎಂದು. ಕನ್ನಡದಲ್ಲಿ ಏಕೆ, ಹೇಗೆ ಎಂದು ಪೀಡಿಸುವ ಮಗುವಿಗೆ ಆ ಏಕೆ, ಹೇಗೆಗಳನ್ನು ಇಂಗ್ಲಿಷಿಗೆ ದಾಟಿಸಿಕೊಳ್ಳುವುದು ಸುಲಭ. ಯಾವ ಭಾಷೆಯಲ್ಲೂ ಪ್ರಶ್ನೆ ಕೇಳದ ಮಗುವಿನಲ್ಲಿ ದಾಟಿಸಲು ಏನೂ ಇರುವುದಿಲ್ಲ. ಹೊಸ ಭಾಷೆಯ ತರಗತಿಯಲ್ಲಿ ಮೊದಲ ಕೆಲವು ವಾರ, ಕೆಲವು ಮಕ್ಕಳು ಕೆಲವು ತಿಂಗಳು, ಬಾಯಿ ಮುಚ್ಚಿ ಕೇಳುತ್ತಲೇ ಇರುತ್ತಾರೆ. ಮನೆಗೆ ಬಂದು ಗೊಂಬೆಗೆ ಟೀಚರ ದನಿಯಲ್ಲೇ ಗದರುತ್ತಿದ್ದರೆ ಕಲಿಕೆ ನಡೆದಿದೆ ಎಂದೇ ಲೆಕ್ಕ.

ಇಷ್ಟೆಲ್ಲ ನೋಡಿಯೂ ಅನುಮಾನ ಉಳಿದರೆ ಒಂದು ವರ್ಷ ತಡೆಯಬೇಕೇ? ಅಕ್ಟೋಬರಿನಿಂದ ಡಿಸೆಂಬರಿನೊಳಗೆ ಹುಟ್ಟಿದ, ಮೇಲಿನವುಗಳಲ್ಲಿ ಎರಡು ಮೂರರಲ್ಲಿ ಹಿಂದಿರುವ ಮಗುವಿಗೆ ತಡೆಯುವುದೇ ಮೇಲು. ಡೆನ್ಮಾರ್ಕಿನಲ್ಲಿ ಥಾಮಸ್ ಡೀ ಮತ್ತು ಹಾನ್ಸ್ ಹೆನ್ರಿಕ್ ಸೀವರ್ಟ್‌ಸನ್ ನಡೆಸಿ 2015ರಲ್ಲಿ ಮಂಡಿಸಿದ ಅಧ್ಯಯನದಲ್ಲಿ, ಒಂದು ವರ್ಷ ತಡವಾಗಿ ಶಾಲೆ ಸೇರಿದ ಮಕ್ಕಳಲ್ಲಿ ಏಳನೇ ವಯಸ್ಸಿಗೆ ಚಂಚಲತೆ ಗಣನೀಯವಾಗಿ ಕಡಿಮೆಯಿತ್ತು; ಹನ್ನೊಂದರಲ್ಲೂ ಆ ವ್ಯತ್ಯಾಸ ಉಳಿದಿತ್ತು. ಅಂಕಗಳ ಮಟ್ಟಿಗೆ ದೊಡ್ಡವರಾಗಿ ಸೇರಿದವರ ಮುನ್ನಡೆ ಮೇಲಿನ ತರಗತಿಗಳಿಗೆ ಹೋದಂತೆ ಕರಗುತ್ತ ಬರುವುದೂ ನಿಜ. ಫಿನ್ಲೆಂಡ್ ಏಳಕ್ಕೆ ಶಾಲೆ ಶುರು ಮಾಡುತ್ತದೆ ಎಂಬ ಮಾತನ್ನು ಪದೇ ಪದೇ ಎತ್ತುವವರು, ಅಲ್ಲಿನ ಮಗು ಅದಕ್ಕೆ ಮೊದಲು ಒಳ್ಳೆಯ ಶಿಶುಪಾಲನಾ ಕೇಂದ್ರದಲ್ಲಿ ಆಡಿರುತ್ತದೆ ಎಂಬುದನ್ನು ಬಿಟ್ಟುಬಿಡುತ್ತಾರೆ. ತಡೆದ ವರ್ಷ ಮೊಬೈಲಿನ ಮುಂದೆ ಕಳೆದರೆ ತಡೆದು ಫಲವಿಲ್ಲ. ನಾಲ್ಕು ಗೋಡೆಯ ಒಂದು ಬೆಡ್‌ರೂಮಿನ ಮನೆ, ದಿನವಿಡೀ ಟಿವಿ, ಮಾತಾಡಿಸುವವರಿಲ್ಲ ಎನ್ನುವಂತಿದ್ದರೆ ಆ ಮಗುವಿಗೆ ಸಾಧಾರಣ ಬಾಲವಾಡಿಯೂ ಮನೆಗಿಂತ ಲೇಸು.

ಕೆಲವನ್ನು ಎಳೆತನವೆಂದು ಬಿಡಬಾರದು. ಮೂರಾದರೂ ಎರಡು ಮೂರು ಪದ ಕೂಡಿಸಿ ಮಾತಾಡದಿರುವುದು, ನಾಲ್ಕಾದರೂ ಹೊರಗಿನವರಿಗೆ ಮಾತು ಅರ್ಥವಾಗದಿರುವುದು, ಹೆಸರು ಕರೆದರೆ ತಿರುಗದಿರುವುದು, ಕಣ್ಣಿಗೆ ಕಣ್ಣು ಕೊಡದಿರುವುದು, ಬರುತ್ತಿದ್ದ ಮಾತೋ ಅಭ್ಯಾಸವೋ ನಿಂತುಹೋಗುವುದು ಕಂಡರೆ ಶಾಲೆಯ ವಿಚಾರ ಆಮೇಲೆ, ಮೊದಲು ಕಿವಿ ಪರೀಕ್ಷೆ. ಹಳೆಯ ಮಾಸ್ತರರ ಕಿವಿ ಪರೀಕ್ಷೆಯಲ್ಲ, ಕೇಳುವ ಶಕ್ತಿಯದು. ನೆಗಡಿ ಗಟ್ಟಿಯಾಗಿ ಕಿವಿಯೊಳಗೆ ನೀರು ನಿಂತು ಅರೆಗಿವುಡಾದ ಮಗುವನ್ನು ಗಮನವಿಲ್ಲದ ಮಗು ಎಂದು ತಿಳಿಯುವ ತಪ್ಪು ಸಾಮಾನ್ಯ. ಬಾಂದ್ರಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ವಾಕ್ ಶ್ರವಣ ಸಂಸ್ಥೆ ಈ ಕೆಲಸಕ್ಕೇ ಇರುವುದು. ಊರಿಗೆ ಹೋದಾಗಲಾದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ (ಆಯಿಷ್). 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಮತ್ತು ಸರಕಾರಿ ಶಾಲೆಗಳ ಮಕ್ಕಳಿಗೆ ಇಂಥ ತಪಾಸಣೆ ಉಚಿತ.

ಜೂನ್ ಮಧ್ಯದಲ್ಲಿ, ಮಳೆ ಹಿಡಿಯುವ ಹೊತ್ತಿಗೇ, ಈ ಭಾಗದ ರಾಜ್ಯ ಮಂಡಳಿಯ ಶಾಲೆಗಳು ತೆರೆಯುತ್ತವೆ. ಹೊಸ ರೇನ್‌ಕೋಟಿನೊಳಗಿಂದ ಬರುವ ಅಳು ಮೊದಲ ವಾರ ಸಹಜ. ಎರಡು ಮೂರು ವಾರದಲ್ಲಿ ಇಳಿಯುತ್ತದೆ. ಒಂದನೇ ತರಗತಿಯ ಮೊದಲ ಮೂರು ತಿಂಗಳನ್ನು ಆಟದ ಮೂಲಕ ಒಗ್ಗಿಸಿಕೊಳ್ಳಲೆಂದೇ ಎನ್‌ಸಿಇಆರ್‌ಟಿ 2021ರಲ್ಲಿ ‘ವಿದ್ಯಾ ಪ್ರವೇಶ’ ಎಂಬ ಕ್ರಮ ರೂಪಿಸಿದೆ. ಸೇರಿಸುವ ಮುನ್ನ ಆ ಮೂರು ತಿಂಗಳು ಶಾಲೆ ಏನು ಮಾಡುತ್ತದೆಂದು ಕೇಳಿ ನೋಡಬಹುದು. ತಿಂಗಳೆರಡು ಕಳೆದರೂ ಭಾನುವಾರ ರಾತ್ರಿ ಹೊಟ್ಟೆನೋವು, ನಿಂತಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಶುರು ಎಂದಾದರೆ ನಿರ್ಧಾರವನ್ನು ಮರುಪರಿಶೀಲಿಸಬೇಕಾಗುತ್ತದೆ. ಶಿಶುವರ್ಗದಲ್ಲಿ ಇದಕ್ಕೆ ಅವಕಾಶವಿದೆ: ಜೂನಿಯರ್ ಕೆಜಿಯಲ್ಲೋ ಸೀನಿಯರ್ ಕೆಜಿಯಲ್ಲೋ ಇನ್ನೊಂದು ವರ್ಷ ಉಳಿಸಿಕೊಳ್ಳಲು ಶಾಲೆಯ ಒಪ್ಪಿಗೆ ಸಾಕು. ಒಂದನೇ ತರಗತಿ ಸೇರಿದ ಮೇಲೆ ಹಾಗಲ್ಲ. ಶಿಕ್ಷಣ ಹಕ್ಕು ಕಾಯಿದೆಯ 16ನೇ ಕಲಮಿನ ಪ್ರಕಾರ ಮಗುವನ್ನು ಅದೇ ತರಗತಿಯಲ್ಲಿ ಉಳಿಸುವಂತಿಲ್ಲ; 2019ರ ತಿದ್ದುಪಡಿ ಸಡಿಲಿಸಿದ್ದು ಐದು ಮತ್ತು ಎಂಟನೇ ತರಗತಿಗಳಿಗೆ ಮಾತ್ರ. ಆದ್ದರಿಂದ ತಡೆಯುವುದಿದ್ದರೆ ಸೀನಿಯರ್ ಕೆಜಿಯ ವರ್ಷದಲ್ಲಿ, ದೀಪಾವಳಿ ರಜೆಗೂ ಹೋಳಿಗೂ ನಡುವೆ, ಟೀಚರ ಜೊತೆ ಕೂತು ತೀರ್ಮಾನಿಸಬೇಕು.